ಬಿಸಿ ಹೊದಿಕೆಯ ಕೆಳಗಿನ ಗೊರಕೆ

"ಎಬ್ಬಿಸಬೇಡಿ ಮೇಡಂ. ಪಾಪ, ಈಗಷ್ಟೇ ಕಣ್ಣು ಹತ್ತಿದೆ" ಎಂದಳು ಮಡಚುವವರಲ್ಲೆಲ್ಲ ಹಿರಿಯಳಾದ ಮಡಿಕೆ ಅಜ್ಜಿ, ತುಟಿಯ ಮೇಲೆ ಬೆರಳಿಟ್ಟು.

ಇನ್‌ಸ್ಪೆಕ್ಟರಮ್ಮ ಲಾಂಡ್ರಿಯ ಮಹಡಿಯ ಮೇಲಿನ ಮಡಚುವ ಕೋಣೆಯ ಬಾಗಿಲಲ್ಲೇ ನಿಂತಳು. ಮಟಮಟ ಮಧ್ಯಾಹ್ನ. ಹೊರಗಿನ ಬಿಸಿಲೇ ಸಾಕಪ್ಪಾ ಸಾಕು ಎನ್ನುವಂತಿದ್ದರೆ, ಒಳಗೆ ಬಟ್ಟೆ ಒಣಗಿಸುವ ಯಂತ್ರಗಳ ಝಳ ಬೇರೆ. ಉದ್ದನೆಯ ಮೇಜಿನ ಎರಡೂ ಕಡೆ ಹೆಂಗಸರು ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದರು. ಮೂಲೆಯಲ್ಲಿ, ಯಂತ್ರದಿಂದ ಆಗಷ್ಟೇ ಸುರಿದ ಬಟ್ಟೆಯ ರಾಶಿಯ ಮೇಲೆ, ಯಾರೋ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕತ್ತಿನವರೆಗೂ ಬಿಸಿ ಹೊದಿಕೆ. ಕಾಣುತ್ತಿದ್ದದ್ದು ಜಡೆ ಮಾತ್ರ.

"ನಮ್ಮಲ್ಲಿ ಹಾಗೇ ಮೇಡಂ. ಎರಡೆರಡು ಪಾಳಿ ದುಡಿದು ಯಾರಾದ್ರೂ ತೂಕಡಿಸಿ ಬಿದ್ರೆ, ಯಂತ್ರದಿಂದ ತೆಗೆದ ಬಿಸಿ ಹೊದಿಕೆ ಹೊದಿಸಿ ಬಿಟ್ಟುಬಿಡ್ತೀವಿ. ಅವರ ಪಾಲಿನ ಕೆಲಸ ನಾವೇ ಹಂಚ್ಕೊಳ್ತೀವಿ. ಮೇಸ್ತ್ರಿ ಕಿವಿಗೆ ಹಾಕಲ್ಲ."

ರಾಶಿಯ ಕಡೆಯಿಂದ ಗೊರಕೆ ಬಂತು. ಮೇಜಿನ ಆಚೆಗಿದ್ದವಳು ಕಿಸಕ್ಕನೆ ನಕ್ಕಳು. "ಕೇಳಿ ಕೇಳಿ, ನಮ್ಮ ಯಜಮಾನ್ರನ್ನೂ ಮೀರಿಸ್ತಾಳೆ!"

ಇನ್‌ಸ್ಪೆಕ್ಟರಮ್ಮನಿಗೆ ನಗು ಬರಲಿಲ್ಲ. ಗೊರಕೆ ಒಮ್ಮೆ ಗರ್ ಎಂದು ಎಳೆದು, ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಗೊರಗೊರ ಎಂದು, ನಿಂತೇಹೋಯಿತು. ಆಕೆ ಕಾದಳು. ಇನ್ನೂ ಕಾದಳು. ಅಜ್ಜಿ ಒಂದು ಬೆಡ್‌ಶೀಟನ್ನು ಪೂರ್ತಿ ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಮತ್ತೊಂದು ಗರ್.

"ಯಾರದು ಮಲಗಿರೋದು?"

"ಇಸ್ತ್ರಿಯವನ ತಂಗಿ. ನಿಮಗೋಸ್ಕರವೇ ಕಾಯ್ತಾ ಇದ್ಲು."

ಇನ್‌ಸ್ಪೆಕ್ಟರಮ್ಮ ಬಾಗಿಲು ಬಿಟ್ಟು ಒಳಗೆ ಹೆಜ್ಜೆಯಿಟ್ಟಳು.

ಹೋದ ವಾರ ಇದೇ ರಾಶಿಯ ಮೇಲೆ, ಇಂಥದೇ ಹೊದಿಕೆಯ ಕೆಳಗೆ ಸತ್ತಿದ್ದವನು ಈ ಹುಡುಗಿಯ ಅಣ್ಣ. "ನಶೆಗಾರ, ಏನೋ ತಗೊಂಡು ಸತ್ತ" ಎಂದು ಹೇಳಿ ಲಾಂಡ್ರಿಯ ಮಾಲೀಕ ಕೈ ತೊಳೆದುಕೊಂಡಿದ್ದ. ನಿನ್ನೆ ಮಧ್ಯಾಹ್ನ ತಂಗಿ ಠಾಣೆಗೆ ಫೋನ್ ಮಾಡಿದ್ದಳು. "ನಮ್ಮಣ್ಣ ಅಂಥವನಲ್ಲ ಮೇಡಂ. ನಾಳೆ ಊಟದ ಹೊತ್ತಿಗೆ ಬನ್ನಿ, ಎಲ್ಲಾ ಹೇಳ್ತೀನಿ."

ಎಲ್ಲಾ ಹೇಳಬೇಕಾದವಳು ಈಗ ಗೊರಕೆ ಹೊಡೆಯುತ್ತಿದ್ದಳು.

ಇನ್‌ಸ್ಪೆಕ್ಟರಮ್ಮ ಒಂದೇ ನೆಗೆತಕ್ಕೆ ರಾಶಿಯ ಬಳಿ ಹೋಗಿ ಹೊದಿಕೆಯನ್ನು ಕಿತ್ತೆಸೆದಳು. "ಏಯ್! ಏಳಮ್ಮಾ! ಕೇಳಿಸ್ತಾ ಇದೆಯಾ?" ಭುಜ ಹಿಡಿದು ಅಲುಗಾಡಿಸಿದಳು. ತಲೆ ಆ ಕಡೆ ಈ ಕಡೆ ಹೊರಳಿತೇ ಹೊರತು ರೆಪ್ಪೆ ಅಲುಗಲಿಲ್ಲ. ಮುಷ್ಟಿಯ ಗೆಣ್ಣಿನಿಂದ ಎದೆಯ ನಡುಮೂಳೆಯನ್ನು ಜೋರಾಗಿ ಉಜ್ಜಿದಳು. ಗಾಢ ನಿದ್ದೆಯಲ್ಲಿದ್ದವರಾದರೂ ಬೈದುಕೊಂಡು ಎದ್ದು ಕೂರಬೇಕಿತ್ತು. ಹುಡುಗಿ ಮುಖ ಕೂಡ ಸಿಂಡರಿಸಲಿಲ್ಲ.

"ಅಯ್ಯೋ, ಮೈ ಬೆಚ್ಚಗೇ ಇದೆಯಲ್ಲಾ ಮೇಡಂ" ಎಂದಳು ಅಜ್ಜಿ, ಗಾಬರಿಯಿಂದ.

"ಬೆಚ್ಚಗಿರೋದು ಹೊದಿಕೆಯಿಂದ ಅಜ್ಜಿ! ತುಟಿ ನೋಡಿ."

ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಉಗುರುಗಳ ಬುಡದಲ್ಲಿ ನೀಲಿ. ಇನ್‌ಸ್ಪೆಕ್ಟರಮ್ಮ ಹೆಬ್ಬೆರಳಿನಿಂದ ರೆಪ್ಪೆ ಎತ್ತಿದಳು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು.

"ಹಾರನ್!" ಎಂದು ಕೂಗಿದಳು. ಹಿಂದೆಯೇ ಬಂದು ಬಾಗಿಲಾಚೆ ನಿಂತಿದ್ದ ಜೀಪಿನ ಡ್ರೈವರಿಗೆ ಠಾಣೆಯವರಿಟ್ಟ ಹೆಸರು ಅದು; ಖಾಲಿ ರಸ್ತೆಯಲ್ಲೂ ಹಾರನ್ ಹೊಡೆಯುವ ಆಸಾಮಿ. "ಆಂಬುಲೆನ್ಸಿಗೆ ಫೋನ್ ಮಾಡು. ಅಫೀಮಿನ ಜಾತಿ ಔಷಧಿ ಮೈಗೇರಿದೆ, ಉಸಿರು ನಿಲ್ತಾ ಇದೆ ಅಂತ ಬಿಡಿಸಿ ಹೇಳು. ಸುಮ್ನೆ ತಲೆ ಸುತ್ತಿ ಬಿದ್ದಿದ್ದಾಳೆ ಅಂದ್ರೆ ನಾಳೆ ಬರ್ತಾರೆ!"

ಯಾರೋ ಚೊಂಬಿನಲ್ಲಿ ನೀರು ತಂದು ಹುಡುಗಿಯ ಬಾಯಿಗೆ ಹಿಡಿಯಹೋದರು.

"ಬೇಡ! ನುಂಗೋಕೆ ಶಕ್ತಿ ಇಲ್ಲ, ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಕೆನ್ನೆಗೆ ಬಾರಿಸೋದೂ ಬೇಡ, ತಣ್ಣೀರು ಸುರಿಯೋದೂ ಬೇಡ. ಜಾಗ ಬಿಡಿ, ಗಾಳಿ ಬರಲಿ."

ಆಕೆಯ ಕೈ ಆಗಲೇ ಚೀಲದಲ್ಲಿತ್ತು. ಇಸ್ತ್ರಿಯವನು ಸತ್ತ ಮೇಲೆ, ಆರೋಗ್ಯ ಇಲಾಖೆಯವರು ಯಾವಾಗಲೋ ಠಾಣೆಗೆ ಕಳಿಸಿದ್ದ, ಬೀರುವಿನಲ್ಲಿ ಧೂಳು ಹಿಡಿಯುತ್ತಿದ್ದ ನಲೊಕ್ಸೋನ್ ಡಬ್ಬಿಯನ್ನು ಆಕೆ ಹುಡುಕಿ ತೆಗೆದಿದ್ದಳು. ಅಫೀಮಿನ ಜಾತಿಯ ವಿಷ ಇಳಿಸಲು ಮೂಗಿಗೆ ಹೊಡೆಯುವ ಔಷಧಿ. ಡಬ್ಬಿಯಲ್ಲಿ ಎರಡೇ ಎರಡು. ಅದನ್ನು ಬಳಸಲು ಅರ್ಧ ದಿನದ ತರಬೇತಿಯೂ ನಡೆದಿತ್ತು ಅನ್ನಿ. ಮುಂದಿನ ಸಾಲಿನ ದೊಡ್ಡ ಅಧಿಕಾರಿಗಳು ಆಕಳಿಸುತ್ತ ಕೂತಿದ್ದರು. "ಈ ನಶೆಯವರನ್ನ ಬದುಕಿಸಿ ಯಾವ ದೇಶ ಉದ್ಧಾರ ಆಗ್ಬೇಕು?" ಎಂದು ಒಬ್ಬರು ನಕ್ಕಿದ್ದರು. ಅಲ್ಲ, ಸಾಯುವವರ ಮೂಗಿನ ಹತ್ತಿರ ಕೂತು ಅವರ ಯೋಗ್ಯತೆ ಅಳೆಯಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಅವತ್ತು ಇನ್‌ಸ್ಪೆಕ್ಟರಮ್ಮ ಅದನ್ನೇ ಎದ್ದು ನಿಂತು ಕೇಳಿದ್ದಳು. ಹಿಂದಿನಿಂದ ಎಲ್ಲರೂ ಆಕೆಯನ್ನು ಮೆಣಸಿನಕಾಯಿ ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಹುಡುಗಿಯನ್ನು ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಸ್ಪ್ರೇಯ ಮೂತಿಯನ್ನು ಮೂಗಿನ ಹೊಳ್ಳೆಗೆ ಪೂರ್ತಿ ಸೇರಿಸಿ ಒತ್ತಿದಳು. ಆಮೇಲೆ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಊದಿದಳು. ಎದೆ ಮೇಲೆದ್ದಿತು, ಇಳಿಯಿತು. ಮನಸ್ಸಿನಲ್ಲೇ ಐದು ಎಣಿಸಿ ಮತ್ತೆ ಊದಿದಳು.

ಊದುವುದು, ಎಣಿಸುವುದು, ಊದುವುದು. ಬೆವರು ಕಣ್ಣಿಗಿಳಿಯಿತು. ಮೂಗು ಬೇರೆ ಬೆಳಗ್ಗೆಯಿಂದ ಒಂದೇ ಸಮನೆ ಕಡಿಯುತ್ತಿತ್ತು. ಈ ಲಾಂಡ್ರಿಯ ನೂಲಿನ ಧೂಳಿಗೆ ಬೆಂಕಿ ಹಾಕ ಎಂದುಕೊಂಡಳು.

"ಅಜ್ಜಿ, ನಾನು ಪಕ್ಕಕ್ಕೆ ಹೊರಳಿಸ್ತೀನಿ. ಬೆನ್ನ ಮೇಲೆ ಏನಾದ್ರೂ ಅಂಟಿಸಿದ್ಯಾ ನೋಡಿ. ಬರಿಗೈಯಲ್ಲಿ ಮುಟ್ಟಬೇಡಿ."

ಕೇಳಿದ್ದಕ್ಕೆ ಕಾರಣವಿತ್ತು. ಇಸ್ತ್ರಿಯವನ ಶವಪರೀಕ್ಷೆಯಲ್ಲಿ ರಕ್ತದ ತುಂಬ ಫೆಂಟಾನಿಲ್ ಸಿಕ್ಕಿತ್ತು. ಕ್ಯಾನ್ಸರಿನಂಥ ದೊಡ್ಡ ನೋವಿಗೆ ಪಟ್ಟಿಯ ರೂಪದಲ್ಲಿ ಚರ್ಮಕ್ಕೆ ಅಂಟಿಸುವ ಔಷಧಿ ಅದು. ಆದರೆ ಅವನ ಮೈಮೇಲೆ ಪಟ್ಟಿ ಇರಲಿಲ್ಲ. ಬೆನ್ನಿನ ನಡುವೆ ಚೌಕಾಕಾರದ ಬಿಳಿಚಿದ ಗುರುತು ಮಾತ್ರ. ಪೊಲೀಸರು ಬರುವ ಮುಂಚೆ ಯಾರೋ ಕಿತ್ತಿದ್ದರು.

ಅಜ್ಜಿ ರವಿಕೆಯ ಹಿಂಭಾಗ ಸರಿಸಿದಳು. "ಇದೆ! ಪಟ್ಟಿ ಇದೆ!"

"ಬಟ್ಟೆಯಿಂದ ಹಿಡಿದು ಕೀಳಿ. ಆ ಜಾಗ ಬರೀ ನೀರಲ್ಲಿ ಒರೆಸಿ. ಸೋಪು ಬೇಡ."

ಪಟ್ಟಿ ಕಿತ್ತು ಬಂತು. ಇನ್‌ಸ್ಪೆಕ್ಟರಮ್ಮ ಮತ್ತೆ ಊದಿದಳು. ಮತ್ತೆ. ಅಷ್ಟರಲ್ಲಿ ಹುಡುಗಿಯ ಗಂಟಲಿನಿಂದ ನೀರಿನಿಂದ ಮೇಲೆದ್ದವರ ಹಾಗೆ ಒಂದು ದೊಡ್ಡ ಉಸಿರು ಎಳೆದುಕೊಂಡು ಬಂತು. ಹಿಂದೆಯೇ ಇನ್ನೊಂದು. ರೆಪ್ಪೆ ಅಲುಗಿತು. ಬೂದಿಯ ಕೆಳಗಿನಿಂದ ತುಟಿಯ ಬಣ್ಣ ಮೆಲ್ಲನೆ ಮರಳಿತು.

"ಬಂದ್ಲು, ಬಂದ್ಲು" ಎಂದು ಹೆಂಗಸರು ಅತ್ತೇಬಿಟ್ಟರು.

ಇನ್‌ಸ್ಪೆಕ್ಟರಮ್ಮ ಹುಡುಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಿಸಿ, ಕೆನ್ನೆಯ ಕೆಳಗೆ ಅವಳದೇ ಅಂಗೈ ಇಟ್ಟಳು. "ಗೆದ್ದೆವು ಅಂದ್ಕೋಬೇಡಿ. ಈ ಸ್ಪ್ರೇ ಬೇಗ ಇಳಿಯುತ್ತೆ, ಚರ್ಮದೊಳಗೆ ಹೊಕ್ಕಿರೋ ವಿಷ ಇಳಿಯೋಕೆ ಹೊತ್ತು ಬೇಕು. ಮತ್ತೆ ಉಸಿರು ಬೀಳಬಹುದು. ಆಂಬುಲೆನ್ಸ್ ಬರೋವರೆಗೆ ನಾನಿಲ್ಲಿಂದ ಕದಲಲ್ಲ."

ಮಡಿಕೆ ಅಜ್ಜಿ ಮೇಜಿನ ಕಾಲು ಹಿಡಿದು ನೆಲಕ್ಕೆ ಕುಸಿದಳು.

"ಅವನೂ ಹೀಗೇ ಗೊರಕೆ ಹೊಡೀತಿದ್ದ ಮೇಡಂ. ಇಸ್ತ್ರಿಯವನು. ಪಾಪ ದಣಿದಿದ್ದಾನೆ ಅಂತ ನಾನೇ ಹೊದಿಸಿದೆ. ಆರಿದಾಗ ಇನ್ನೊಂದು ಬಿಸಿದು ತಂದು ಬದಲಾಯಿಸ್ದೆ. ನನ್ನ ಕೈಯಾರೆ."

ಬಿಸಿ ತಾಗಿದರೆ ಪಟ್ಟಿಯೊಳಗಿನ ಔಷಧಿ ಒಂದೇ ಸಲಕ್ಕೆ ಮೈಗೆ ನುಗ್ಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅದು ಇನ್‌ಸ್ಪೆಕ್ಟರಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ಈ ಮುದುಕಿಗೆ ಅದನ್ನು ಹೇಗೆ ಹೇಳುವುದು? ಇವರಲ್ಲಿ ಇದ್ದದ್ದೇ ಇಷ್ಟು ಪ್ರೀತಿ, ಒಂದು ಬಿಸಿ ಹೊದಿಕೆಯಷ್ಟು. ಅದನ್ನೂ ಕೊಲ್ಲುವ ಆಯುಧ ಮಾಡಿದವನು ಸಿಗಲಿ, ಚರ್ಮ ಸುಲಿಯುತ್ತೇನೆ ಎಂದು ಹಲ್ಲು ಕಡಿದಳು.

"ನಿಮಗೆ ಗೊತ್ತಿರಲಿಲ್ಲ ಅಜ್ಜಿ. ಗೊತ್ತಿದ್ದವನು ಒಬ್ಬ ಇದ್ದಾನೆ. ಅವನು ಅಳಬೇಕು, ನೀವಲ್ಲ."

ಬಟ್ಟೆಯ ಮೇಲಿದ್ದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಟಿನ ಮೇಲೆ ಬಿಳಿ ನೂಲಿನ ಎಳೆಗಳು ಅಂಟಿಕೊಂಡಿದ್ದವು. ಅಂದರೆ ಹಿಂದೆ ಯಾವುದೋ ರೋಗಿಯ ಮೈಯಿಂದ ಕಳಚಿ ಬೆಡ್‌ಶೀಟಿಗೆ ಅಂಟಿ ಬಂದದ್ದು. ಬಳಸಿದ ಮೇಲೂ ಅದರಲ್ಲಿ ಔಷಧಿ ಬೇಕಾದಷ್ಟು ಉಳಿದಿರುತ್ತದೆ. ಅಂಟು ಸವೆದಿದ್ದರಿಂದ ನಾಲ್ಕೂ ಅಂಚಿಗೆ ಹಳದಿ ಟೇಪು ಹಾಕಿ ಬಿಗಿ ಮಾಡಿದ್ದರು.

"ಈ ಟೇಪು ಯಾರ ಹತ್ತಿರ ಇರುತ್ತೆ?"

ಗಂಟು ಕಟ್ಟಲು ಇಲ್ಲಿ ಒಂದೊಂದು ಕೋಣೆಗೆ ಒಂದೊಂದು ಬಣ್ಣದ ಟೇಪು. ಮಡಚುವ ಕೋಣೆಯದು ಹಸಿರು.

"ಹಳದಿ ಕೊಳೆ ಬಟ್ಟೆ ಕೋಣೆದು. ಬೀಗದಕೈ ಮೇಸ್ತ್ರಿ ಸೊಂಟದಲ್ಲಿರುತ್ತೆ" ಎಂದಳು ಅಜ್ಜಿ.

ನೆನೆದ ಕೂಡಲೇ ಪ್ರತ್ಯಕ್ಷ. ಮೇಸ್ತ್ರಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಬೆಣ್ಣೆ ಎಂದು. ಬೈದರೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬೈಯುವವನು.

"ಏನಮ್ಮಾ ಇದು, ನಮ್ಮ ಮೇಡಂ ನೆಲದ ಮೇಲೆ ಕೂತಿದ್ದಾರೆ, ಒಂದು ಕುರ್ಚಿ ಹಾಕಬಾರದಾ?" ಎನ್ನುತ್ತ ಬಂದವನು ಹುಡುಗಿಯನ್ನು ನೋಡಿ ನಾಲಿಗೆ ಲೊಚಗುಟ್ಟಿದ. "ಛೆ ಛೆ. ಇವಳೂ ಶುರು ಹಚ್ಕೊಂಡಳಾ? ಅಣ್ಣನ ಚಟ ತಂಗಿಗೂ ಬಂತು. ನಾನು ಎಷ್ಟು ಬುದ್ಧಿ ಹೇಳಿದ್ದೆ ಮೇಡಂ, ಸ್ವಂತ ಮಗಳಿಗೆ ಹೇಳಿದ ಹಾಗೆ."

ಇನ್‌ಸ್ಪೆಕ್ಟರಮ್ಮನ ಪಿತ್ತ ನೆತ್ತಿಗೇರಿತು. ಹುಡುಗಿಯ ಬೆನ್ನ ಮೇಲಿಟ್ಟ ಕೈ ತೆಗೆಯದೆ, ಉಸಿರು ಏರಿ ಇಳಿಯುವುದನ್ನು ಅಂಗೈಯಲ್ಲೇ ನೋಡುತ್ತ, ತಲೆ ಎತ್ತಿದಳು.

"ಸೊಂಟದಲ್ಲಿರೋ ಬೀಗದಕೈ ಕೊಡ್ರೀ."

"ಅಯ್ಯೋ, ಅದು ಕೊಳೆ ಬಟ್ಟೆ ಕೋಣೆ. ನಿಮ್ಮಂಥವರು ಕಾಲಿಡೋ ಜಾಗವೇ?"

"ಹಾರನ್, ಕಿತ್ಕೊ."

ಹಾರನ್ ಕಿತ್ತುಕೊಂಡ. ಹೋಗಿ ಬಂದವನ ಕೈಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬವಿತ್ತು. ಮುಚ್ಚಳ ತೆಗೆದರೆ, ಒಂದರ ಮೇಲೊಂದು ಪೇರಿಸಿದ ಪಟ್ಟಿಗಳು. ಕೆಲವು ಇಡಿಯಾಗಿ, ಕೆಲವು ಕತ್ತರಿಯಲ್ಲಿ ಅರ್ಧಕ್ಕೆ ಕತ್ತರಿಸಿದವು. ಪಕ್ಕದಲ್ಲಿ ಹಳದಿ ಟೇಪಿನ ಸುರುಳಿ.

"ಕಸ ಮೇಡಂ" ಎಂದ ಬೆಣ್ಣೆ. ದನಿ ಇನ್ನೂ ನಯವಾಗೇ ಇತ್ತು. "ಆಸ್ಪತ್ರೆ ಬೆಡ್‌ಶೀಟಿಗೆ ಅಂಟ್ಕೊಂಡು ಬರೋ ಕಸ."

"ಕಸಾನ ಬೀಗ ಹಾಕಿ ಇಡ್ತೀರಾ? ಕಸಾನ ಕತ್ತರಿ ಹಿಡಿದು ಪಾಲು ಮಾಡ್ತೀರಾ?"

"ನೋವು ಅಂತಾರೆ. ಸೊಂಟ ಬಿದ್ದೋಯ್ತು, ಎರಡನೇ ಪಾಳಿಗೆ ನಿಲ್ಲೋಕಾಗಲ್ಲ ಅಂತಾರೆ. ಪಾಪ ಅನ್ನಿಸಿ ಒಂದೊಂದು ತುಂಡು ಕೊಡ್ತಿದ್ದೆ. ಉಪಕಾರ ಮಾಡಿದ್ದೂ ತಪ್ಪಾ?"

"ಉಪಕಾರ!" ಇನ್‌ಸ್ಪೆಕ್ಟರಮ್ಮನ ದನಿಗೆ ಯಂತ್ರದ ಸದ್ದೂ ಅಡಗಿತು. "ಸಾಯೋ ರೋಗಿಗೆ ಡಾಕ್ಟರು ಅಳೆದು ತೂಗಿ ಕೊಡೋ ಔಷಧಿ ಕಣ್ರೀ ಅದು! ಸೊಂಟ ಬೀಳೋ ಹಾಗೆ ದುಡಿಸೋರೂ ನೀವೇ, ನೋವು ಗೊತ್ತಾಗದ ಹಾಗೆ ಇದನ್ನ ಅಂಟಿಸಿ ಇನ್ನೊಂದು ಪಾಳಿ ದುಡಿಸೋರೂ ನೀವೇ, ಸತ್ತರೆ ನಶೆಗಾರ ಅಂತ ಹೆಸರಿಡೋರೂ ನೀವೇ! ನಾಚಿಕೆ ಆಗಲ್ವಾ? ಸತ್ತವನ ಬೆನ್ನಿಂದ ಪಟ್ಟಿ ಕಿತ್ತಿದ್ದು ಯಾರು?"

ಬೆಣ್ಣೆ ಕರಗತೊಡಗಿತು. ಹಣೆಯಿಂದ ಬೆವರು ಇಳಿಯಿತು.

ಆಗ ಮೇಜಿನ ಆಚೆಯ ಹೆಂಗಸು, ಮೊದಲು ನಕ್ಕವಳು, ಸೀರೆಯ ಮರೆಯಲ್ಲಿ ಕೈ ಹಾಕಿ ಸೊಂಟದಿಂದ ಒಂದು ತುಂಡು ಕಿತ್ತು ಮೇಜಿನ ಮೇಲಿಟ್ಟಳು. ಪಕ್ಕದವಳೂ ಕಿತ್ತಳು. ಅವಳ ಪಕ್ಕದವಳೂ. ಎಲ್ಲಾ ಅರ್ಧರ್ಧ ತುಂಡುಗಳು, ಎಲ್ಲದಕ್ಕೂ ಹಳದಿ ಅಂಚು. ಇನ್‌ಸ್ಪೆಕ್ಟರಮ್ಮನಿಗೆ ಅದನ್ನು ನೋಡಿ ಕಣ್ಣು ತುಂಬಿ ಬಂತು. ಇಡೀ ಕೋಣೆಯೇ ಸಾವನ್ನು ಸೊಂಟಕ್ಕೆ ಕಟ್ಟಿಕೊಂಡು ಬೆಡ್‌ಶೀಟು ಮಡಚುತ್ತಿತ್ತಲ್ಲ!

"ಎಲ್ಲರೂ ಆಸ್ಪತ್ರೆಗೆ ಹೋಗಿ ತೋರಿಸ್ಕೋಬೇಕು, ಇವತ್ತೇ. ಕೈ ತೊಳ್ಕೊಳ್ಳಿ. ಯಾರೂ ಒಬ್ಬೊಬ್ಬರೇ ಮಲಗಬೇಡಿ" ಎಂದವಳು ಮೇಸ್ತ್ರಿಯ ಕಡೆ ತಿರುಗಿದಳು. "ಇವರದು ಅರ್ಧ, ಸೊಂಟಕ್ಕೆ. ಈ ಹುಡುಗಿಗೆ ಮಾತ್ರ ಇಡೀ ಪಟ್ಟಿ, ಅದೂ ಎರಡು ಹೆಗಲಿನ ನಡುವೆ. ತನ್ನ ಕೈ ತನಗೇ ಎಟುಕದ ಜಾಗ. ಇವಳ ಅಣ್ಣನಿಗೂ ಅಲ್ಲೇ. ಯಾರು ಅಂಟಿಸಿದ್ದು? ನೀವಾ?"

"ನನ್ನ ಮಕ್ಕಳಾಣೆ ನಾನಲ್ಲ!" ಬೆಣ್ಣೆಯ ನಯವೆಲ್ಲ ಹಾರಿಹೋಗಿತ್ತು. "ನಾನು ಕೈಗೆ ಕೊಡ್ತೀನಿ, ಅವರೇ ಹಚ್ಕೋತಾರೆ. ಹೆಂಗಸರ ಬೆನ್ನು ಮುಟ್ಟೋನಲ್ಲ ನಾನು, ಬೇಕಾದ್ರೆ ಇವರನ್ನೇ ಕೇಳಿ."

"ಅದು ನಿಜ. ಅಣ್ಣ ಸತ್ತ ಮೇಲೆ ಈ ಹುಡುಗಿ ಇವನು ಕೊಟ್ಟಿದ್ದನ್ನ ಮುಖಕ್ಕೆ ಎಸೆದಿದ್ಲು" ಎಂದಳು ಅಜ್ಜಿ.

"ಹಾಗಾದ್ರೆ ಯಾರು?"

"ಡಾಕ್ಟ್ರು" ಎಂದುಬಿಟ್ಟ ಮೇಸ್ತ್ರಿ. ಎಂದವನೇ ಬಾಯಿ ಮುಚ್ಚಿಕೊಂಡ.

"ಯಾವ ಡಾಕ್ಟ್ರು?"

"ಪಟ್ಟಿ ಎತ್ತಿಡು, ಅದರಲ್ಲಿ ಔಷಧಿ ಉಳಿದಿರುತ್ತೆ ಅಂತ ಹೇಳ್ಕೊಟ್ಟಿದ್ದೇ ಅವರು. ಒಳ್ಳೆಯದನ್ನೆಲ್ಲ ಅವರೇ ತಗೊಂಡು ಹೋಗಿ ಮಾರ್ತಾರೆ. ಇಸ್ತ್ರಿಯವನಿಗೆ ಅದು ಗೊತ್ತಾಗಿ, ಎಲ್ಲರಿಗೂ ಹೇಳ್ತೀನಿ ಅಂತ ಎಗರಾಡಿದ. ಬೆನ್ನು ನೋವಿಗೆ ಔಷಧಿ ಕೊಡ್ತೀನಿ ಬಾ ಅಂತ ಡಾಕ್ಟ್ರು ಅವನನ್ನ ಪಕ್ಕಕ್ಕೆ ಕರ್ಕೊಂಡು ಹೋದ್ರು. ಸತ್ತ ಮೇಲೆ ಕಿತ್ತಿಡು ಅಂದ್ರು, ಕಿತ್ತೆ. ಹೆಸರು ಮಾತ್ರ ಕೇಳಬೇಡಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ. ಬೇರೆ ಯಾರು ಕೇಳಿದ್ರೂ ಹೇಳ್ತೀನಿ, ನಿಮಗೆ ಹೇಳೋಕಾಗಲ್ಲ."

ನನಗೆ ಯಾಕೆ ಹೇಳೋಕಾಗಲ್ಲ? ಇನ್‌ಸ್ಪೆಕ್ಟರಮ್ಮ ಬಾಯಿ ತೆರೆಯುವಷ್ಟರಲ್ಲಿ ಅಂಗೈ ಕೆಳಗಿನ ಬೆನ್ನು ಏರುವುದನ್ನು ನಿಲ್ಲಿಸಿತು.

"ಹಾರನ್, ಇವನನ್ನ ಜೀಪಿಗೆ ಹಾಕಿ ಪಕ್ಕದಲ್ಲೇ ಕೂತ್ಕೊ!" ಎನ್ನುತ್ತಲೇ ಎರಡನೆಯ ಸ್ಪ್ರೇ ತೆಗೆದಳು. ಹುಡುಗಿಯನ್ನು ಅಂಗಾತ ಮಾಡಿ ಇನ್ನೊಂದು ಹೊಳ್ಳೆಗೆ ಒತ್ತಿದಳು. ಮತ್ತೆ ಗದ್ದ ಎತ್ತಿದಳು, ಮತ್ತೆ ಊದಿದಳು. "ಬಾರೇ ತಾಯಿ. ನಿಮ್ಮಣ್ಣನ ಹೆಸರಿಗೆ ಹತ್ತಿದ ಮಸಿ ತೊಳೆಯೋಕೆ ಇರೋದು ನೀನೊಬ್ಬಳೇ. ಬಾ."

ಈ ಸಲ ಅಜ್ಜಿಯೂ ಪಕ್ಕದಲ್ಲಿ ಮಂಡಿಯೂರಿ ಕೂತಳು. ಯಾವಾಗ ಊದಬೇಕೆಂದು ಗಟ್ಟಿಯಾಗಿ ಎಣಿಸಿದಳು. ರೆಪ್ಪೆ ಎತ್ತಿ ತೋರಿಸಿದಾಗ, ಸೂಜಿಮೊನೆಯಂಥ ಪಾಪೆಯನ್ನು ಕಣ್ಣಿಗೆ ಕಣ್ಣಿಟ್ಟು ನೋಡಿಕೊಂಡಳು. ಇನ್ನು ಈ ಜನ್ಮದಲ್ಲಿ ಮರೆಯಲ್ಲ ಎಂದಳು.

ಕೊನೆಗೆ ಹುಡುಗಿ ಕೆಮ್ಮಿದಳು. ಕಣ್ಣು ತೆರೆದಳು. ಇನ್‌ಸ್ಪೆಕ್ಟರಮ್ಮನ ಮುಖವನ್ನು ಗುರುತು ಹಿಡಿಯಲು ಕೊಂಚ ಹೊತ್ತು ಬೇಕಾಯಿತು.

"ಮೇಡಂ... ಬಂದ್ರಾ..."

"ಬಂದೆ ಮಗಳೇ. ಬೆನ್ನಿಗೆ ಪಟ್ಟಿ ಹಚ್ಚಿದ್ದು ಯಾರು?"

"ಡಾಕ್ಟ್ರು. ನಿನ್ನೆ ಸಂಜೆ ಮನೆಗೆ ಬಂದಿದ್ರು. ಮುಲಾಮಿನ ಪಟ್ಟಿ ಅಂದ್ರು."

"ಗೊತ್ತಿಲ್ಲದವರಿಗೆ ಬಾಗಿಲು ತೆಗೆದ್ಯಾ?"

ಹುಡುಗಿಯ ಹುಬ್ಬು ಗಂಟಿಕ್ಕಿತು, ಇದೇನು ಹೀಗೆ ಕೇಳುತ್ತಾರೆ ಎನ್ನುವ ಹಾಗೆ. "ನೀವೇ ಕಳಿಸಿದ್ರಲ್ಲಾ ಮೇಡಂ."

"ನಾನಾ?"

"ಅಕ್ಕ ಕಳಿಸಿದ್ದಾರೆ ಅಂದ್ರು. ನಾಳೆ ಧೈರ್ಯವಾಗಿ ಮಾತಾಡ್ಬೇಕು, ಬೆನ್ನು ನೋವು ಇಟ್ಕೊಂಡು ಹೇಗೆ ಮಾತಾಡ್ತೀಯಾ ಅಂತ... ಇರುವೆ ಕಚ್ಚಿದಷ್ಟೂ ಗೊತ್ತಾಗಲ್ಲ ಅಂತ ನಗಿಸಿದ್ರು. ಅವರಿಗೆ ಇಲ್ಲಿ, ಹುಬ್ಬಿನ ಮೇಲೆ ಗಾಯದ ಗುರುತಿದೆ."



ಆ ಗುರುತು ಮಾಡಿದ್ದು ಇನ್‌ಸ್ಪೆಕ್ಟರಮ್ಮನೇ. ಚಿಕ್ಕಂದಿನಲ್ಲಿ ಬುಗುರಿ ಎಸೆದು ತಮ್ಮನ ಹುಬ್ಬು ಒಡೆದಿದ್ದಳು. ಅವನು ಡಾಕ್ಟರಾಗಿ, ಈ ಬೆಡ್‌ಶೀಟುಗಳು ಬರುವ ಅದೇ ಆಸ್ಪತ್ರೆಗೆ ಸೇರಿದಾಗ ಬೀದಿಗೆಲ್ಲ ಸಿಹಿ ಹಂಚಿದ್ದಳು. ಚುಚ್ಚುಮದ್ದು ಕೊಡುವಾಗ ಪ್ರತಿ ಮಗುವಿಗೂ ಅವನು ಹೇಳುವ ಮಾತು ಅದು, ಇರುವೆ ಕಚ್ಚಿದಷ್ಟೂ ಗೊತ್ತಾಗಲ್ಲ. ಈ ಹುಡುಗಿ ಇವತ್ತು ಮಾತಾಡುತ್ತಾಳೆ ಎಂದು ನಿನ್ನೆ ಫೋನಿನಲ್ಲಿ ಆಕೆ ಬಾಯಿ ಬಿಟ್ಟಿದ್ದು ಅವನೊಬ್ಬನ ಹತ್ತಿರ. ಒಡಹುಟ್ಟಿದವನು, ಅವನಿಗೆ ಹೇಳದೆ ಇನ್ಯಾರಿಗೆ ಹೇಳಬೇಕು?

ಆಮೇಲೆ ರಾತ್ರಿ ಅವನು ಅಕ್ಕನ ಮನೆಗೇ ಊಟಕ್ಕೆ ಬಂದಿದ್ದ. "ಏನಕ್ಕಾ, ಇನ್ನೂ ಕತ್ತು ನೋವಾ?" ಎಂದು ಗದರಿ, ಬಗ್ಗಿಸಿ ಕೂರಿಸಿ, ಬೆನ್ನಿಗೆ ಮುಲಾಮಿನ ಪಟ್ಟಿ ಹಾಕಿ, ಬಟ್ಟೆಗೆ ಅಂಟದಿರಲಿ ಎಂದು ಮೇಲೊಂದು ದೊಡ್ಡ ಬ್ಯಾಂಡೇಜು ಬಿಗಿದಿದ್ದ. ಬೆಳಗ್ಗೆ ಎದ್ದಾಗ ಎರಡು ವಾರದ ನೋವು ಮಂಗಮಾಯ. ತಮ್ಮನ ಕೈಗುಣ ಎಂದು ಹಿಗ್ಗಿದ್ದಳು.

ಮೂಗು ಮತ್ತೆ ಕಡಿಯಿತು. ಅದು ನೂಲಿನ ಧೂಳಲ್ಲ. ಅಫೀಮಿನ ಜಾತಿ ಔಷಧಿ ಮೈಗೇರಿದರೆ ಮೂಗು ಕಡಿಯುತ್ತದೆ ಎಂದೂ ತರಬೇತಿಯಲ್ಲಿ ಹೇಳಿದ್ದರು.

ಇನ್‌ಸ್ಪೆಕ್ಟರಮ್ಮ ಕೈಯನ್ನು ಹೆಗಲಿನ ಮೇಲಿಂದ ಬೆನ್ನಿಗೆ ಚಾಚಿದಳು. ಎಟುಕಲಿಲ್ಲ. ಕೆಳಗಿನಿಂದ ಚಾಚಿದಳು. ಎಟುಕಲಿಲ್ಲ.

"ಅಜ್ಜಿ, ನನ್ನ ಕಣ್ಣು ನೋಡಿ."

ಮಡಿಕೆ ಅಜ್ಜಿ ಹತ್ತಿರ ಬಂದು ನೋಡಿದಳು. ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ದೇವರೇ. ನಿಮ್ಮದೂ ಸೂಜಿಮೊನೆ!"

"ಬೆನ್ನ ಮೇಲೆ ಬ್ಯಾಂಡೇಜಿದೆ. ಬಟ್ಟೆಯಿಂದ ಹಿಡಿದು ಕೀಳಿ. ಬೇಗ."

ಬ್ಯಾಂಡೇಜು ಪರಪರ ಕಿತ್ತು ಬಂತು. ಅಜ್ಜಿಯ ಕೈ ನಿಂತಿತು.

"ಒಂದಲ್ಲ ಮೇಡಂ" ಎಂದಳು. "ಎರಡು ಅಂಟಿಸಿದ್ದಾರೆ."

ಸಿಟ್ಟು ಬರಬೇಕಿತ್ತು. ಒಡಹುಟ್ಟಿದವನ ಮೇಲೆ ಉರಿದು ಬೀಳಬೇಕಿತ್ತು. ಎಷ್ಟು ಹುಡುಕಿದರೂ ಆಕೆಗೆ ಆ ಸಿಟ್ಟು ಸಿಗಲಿಲ್ಲ. ಅದರ ಜಾಗದಲ್ಲಿ ಮೈತುಂಬ ಒಂದು ಬೆಚ್ಚನೆಯ ಹಿತ ಹರಡುತ್ತಿತ್ತು. ಏನಾದರೇನು ಬಿಡು ಎನ್ನುವಂಥ ಹಿತ. ಹುಟ್ಟಿದಾಗಿನಿಂದ ಜೊತೆಗಿದ್ದ ಸಿಟ್ಟೇ ಕೈಕೊಟ್ಟಾಗ ಇನ್‌ಸ್ಪೆಕ್ಟರಮ್ಮನಿಗೆ ಮೊದಲ ಸಲ ಹೆದರಿಕೆಯಾಯಿತು.

ಡಬ್ಬಿ ಖಾಲಿ. ಎರಡನ್ನೂ ಬಳಸಿಯಾಗಿತ್ತು.

"ಅಜ್ಜಿ, ಕೇಳಿ" ನಾಲಿಗೆ ದಪ್ಪಗಾಗುತ್ತಿತ್ತು. "ನಾನು ಗೊರಕೆ ಹೊಡೆದ್ರೆ, ಮಲಗೋಕೆ ಬಿಡಬೇಡಿ. ಅಲುಗಾಡಿಸಿ, ಕೂಗಿ, ಎದೆ ಮೂಳೆ ಉಜ್ಜಿ. ಉಸಿರು ನಿಂತ್ರೆ ಊದಿ. ನೋಡಿದ್ರಲ್ಲಾ. ಯಾರು ಏನೇ ಹೇಳಿದ್ರೂ ಬಿಡಬೇಡಿ. ಆಂಬುಲೆನ್ಸಿನಲ್ಲಿ ಆ ಸ್ಪ್ರೇ ಇರುತ್ತೆ, ಕೇಳಿ ಹಾಕಿಸಿ."

"ಆಣೆ ಮಾಡ್ತೀನಿ ತಾಯಿ" ಎಂದಳು ಅಜ್ಜಿ.

ಕೆಳಗೆ ಸೈರನ್ ಕೇಳಿಸಿತು. ಮೆಟ್ಟಿಲ ಮೇಲೆ ದಡದಡ ಹೆಜ್ಜೆಗಳು. ಸ್ಟ್ರೆಚರಿನವರು ಬಂದು ಹುಡುಗಿಯನ್ನು ಎತ್ತಿಕೊಂಡರು. ಹುಡುಗಿ ಬಾಗಿಲಿನ ಕಡೆ ನೋಡಿ ಏನೋ ಹೇಳಲು ತುಟಿ ಅಲುಗಿಸಿದಳು. ಅವರು ಕೇಳಿಸಿಕೊಳ್ಳದೆ, ಸ್ಪ್ರೇ ಕೇಳಿದ ಅಜ್ಜಿಗೂ "ಡಾಕ್ಟ್ರು ಜೊತೆಗೇ ಬಂದಿದ್ದಾರೆ, ಅವರು ನೋಡ್ಕೋತಾರೆ" ಎಂದು ಹೇಳಿ, ಹೊತ್ತುಕೊಂಡು ಹೋದರು.

ಬಾಗಿಲಲ್ಲಿ ಬಿಳಿ ಕೋಟು ನಿಂತಿತ್ತು. ಹುಬ್ಬಿನ ಮೇಲೆ ಗಾಯದ ಗುರುತು.

"ಅಕ್ಕಾ! ಇದೇನಕ್ಕಾ ಹೀಗೆ ಬೆವತಿದ್ದೀಯಾ?" ಎಷ್ಟು ಅಕ್ಕರೆ ಆ ದನಿಯಲ್ಲಿ! "ಎಲ್ಲರೂ ಸ್ವಲ್ಪ ಆಚೆ ಹೋಗ್ರಮ್ಮಾ, ನಾನು ಡಾಕ್ಟರು. ನಮ್ಮಕ್ಕನ್ನ ನಾನು ನೋಡ್ಕೋತೀನಿ."

ಡಾಕ್ಟರು ಎಂದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಸರಿದರು. ಇವನೇ ಅವನು ಎಂದು ಕೂಗಲು ಇನ್‌ಸ್ಪೆಕ್ಟರಮ್ಮ ಬಾಯಿ ತೆರೆದಳು. ದನಿ ಬರಲಿಲ್ಲ. ಮೊಣಕಾಲು ಕುಸಿಯಿತು. ಬೆನ್ನ ಕೆಳಗೆ ಬಟ್ಟೆಯ ರಾಶಿ, ಬೆಚ್ಚಗೆ. ಎಲ್ಲೋ ಯಾರೋ ಗೊರಕೆ ಹೊಡೆಯುತ್ತಿದ್ದರು. ಯಾರಪ್ಪಾ ಎಂದು ಕಿವಿಗೊಟ್ಟಳು. ತನ್ನದೇ.

"ಎಬ್ಬಿಸಿ! ಮಲಗೋಕೆ ಬಿಡಬಾರದು ಅಂದಿದ್ದಾರೆ!" ಅಜ್ಜಿ ಚೀರುತ್ತ ಮುಂದೆ ಬಂದಳು.

ತಮ್ಮ ಅವಳಿಗೆ ಅಡ್ಡ ನಿಂತ.

"ಎಬ್ಬಿಸಬೇಡಿ ಅಜ್ಜಿ" ಎಂದ, ಮೆಲ್ಲಗೆ. "ಪಾಪ, ಈಗಷ್ಟೇ ಕಣ್ಣು ಹತ್ತಿದೆ."

ಎಂದು ಬಗ್ಗಿ, ಯಂತ್ರದ ಬಾಯಿಂದ ಒಂದು ಬಿಸಿ ಹೊದಿಕೆಯನ್ನು ಎಳೆದುಕೊಂಡ.